ಕೊಟ್ಟೂರಲ್ಲಿ ಕೆಟ್ಟರೆ ಯಾರು ನೋಡ್ತಾರೆ?

ಡಿಜಿಟಲ್ ಆರ್ಟ್ ಶುರು ಮಾಡಬೇಕು, ಯಾವ ಟ್ಯಾಬ್ಲೆಟ್ ತಗೊಳ್ಳೋದು ಅಂತ ಈ ಸೆಮಿಸ್ಟರ್‌ನಲ್ಲಿ ನಮ್ಮನ್ನು ಕೇಳಿದ ಜೂನಿಯರ್‌ಗಳು ಕಡಿಮೆಯೇನಲ್ಲ. ಐಪ್ಯಾಡ್ ಥರದ್ದಲ್ಲ, ಗ್ರಾಫಿಕ್ಸ್ ಟ್ಯಾಬ್ಲೆಟ್. ಲ್ಯಾಪ್‌ಟಾಪಿಗೆ ವೈರ್ ಚುಚ್ಚಿ, ಮೇಲೆ ಪೆನ್ನಲ್ಲಿ ಗೀಚಿದರೆ ಸ್ಕ್ರೀನಲ್ಲಿ ಗೆರೆ ಮೂಡುವ ಆ ಕಪ್ಪು ಹಲಗೆ. ಕೇಳೋರೆಲ್ಲ ಯೂಟ್ಯೂಬ್ ನೋಡಿಕೊಂಡೇ ಬಂದಿರ್ತಾರೆ. ‘8192 ಪ್ರೆಶರ್ ಲೆವೆಲ್ ಸಾಕಾ, 16384 ಬೇಕಾ?’ ಇದು ಮೊದಲ ಪ್ರಶ್ನೆ. ನಮ್ಮ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆ. ಇದು ಕೊಟ್ಟೂರಲ್ಲಿ ಕೆಟ್ಟರೆ ಯಾರು ನೋಡ್ತಾರೆ?

ನಾವು ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದು ಹಾಸ್ಟೆಲ್ ಸೇರಿದವರು, ಕ್ಲಬ್ಬಿನ ಪೋಸ್ಟರ್ ಕೆಲಸ ಹಚ್ಚಿಕೊಂಡವರು. ನಮ್ಮ ಐದು ತಾಲೂಕಲ್ಲಿ ಮೊಬೈಲ್ ಅಂಗಡಿಗೆ ಬರ ಇಲ್ಲ. ಆದರೆ ಇಂಥ ಹಲಗೆಯನ್ನು ಕೈಯಲ್ಲಿ ಹಿಡಿದು, ಎರಡು ಗೆರೆ ಎಳೆದು ನೋಡಿ ತಗೊಳ್ಳುವ ಅಂಗಡಿ ನಮ್ಮ ಯಾರ ಊರಲ್ಲೂ ನಾವು ಕಂಡಿಲ್ಲ. ಹೊಸಪೇಟೆ–ಹರಿಹರ ರೈಲು ಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮುಟ್ಟಿ ಹೋಗ್ತದೆ. ಕೂಡ್ಲಿಗಿ, ಹಡಗಲಿಯವರಿಗೆ ಬಸ್ಸೇ ಗತಿ. ಹರಪನಹಳ್ಳಿಯನ್ನು 2018ರಲ್ಲಿ ದಾವಣಗೆರೆಯಿಂದ ತೆಗೆದು ಬಳ್ಳಾರಿಗೆ ಸೇರಿಸಿದರು, 2021ರಲ್ಲಿ ವಿಜಯನಗರ ಜಿಲ್ಲೆಗೆ ಹಾಕಿದರು. ಜಿಲ್ಲೆ ಎಷ್ಟು ಸಲ ಬದಲಾದರೂ ಅಲ್ಲಿನವರು ಸಾಮಾನು ತರೋಕೆ ಹೋಗೋದು ಮಾತ್ರ ದಾವಣಗೆರೆಗೇ. ಗ್ರಾಫಿಕ್ಸ್ ಟ್ಯಾಬ್ಲೆಟ್ ಬೇಕಂದ್ರೆ ಎಲ್ಲರಿಗೂ ಉಳಿಯೋದು ಆನ್‌ಲೈನ್, ಇಲ್ಲಾ ರಾತ್ರಿ ಬಸ್ ಹತ್ತಿ ಬೆಂಗಳೂರಿನ ಎಸ್.ಪಿ. ರೋಡ್.

ಹಾಗಾಗಿ ‘ಬೆಸ್ಟ್ ಬಜೆಟ್ ಟ್ಯಾಬ್ಲೆಟ್’ ವಿಡಿಯೋಗಳ ಲೆಕ್ಕ ನಮಗೆ ಪೂರ್ತಿ ಹೊಂದೋದಿಲ್ಲ. ದೊಡ್ಡ ಸಿಟಿಯಲ್ಲಿ ಕೂತು ರಿವ್ಯೂ ಮಾಡೋರಿಗೆ ಪೆನ್ನು ಕೆಟ್ಟರೆ ಇನ್ನೊಂದು ಪೆನ್ನು ಎರಡು ದಿನದಲ್ಲಿ ಬರುತ್ತೆ. ನಮಗೆ ರಿಟರ್ನ್ ಪಿಕಪ್ ಇದೆಯೋ ಇಲ್ಲವೋ ಅನ್ನೋದನ್ನೇ ಪಿನ್‌ಕೋಡ್ ಹಾಕಿ ನೋಡಬೇಕು. ಮೂರು ಸಾವಿರದ ವಸ್ತು ಸುಮ್ಮನೆ ಬಿದ್ದರೆ ಅದು ಒಂದು ತಿಂಗಳ ಮೆಸ್ ಬಿಲ್. ಮನೆಯಲ್ಲಿ ಅಪ್ಪ ಮೆಕ್ಕೆಜೋಳ ಹಾಕಿರುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಮೊದಲು ನಂಬರಿನ ಹುಚ್ಚು ಇಳಿಸಿಬಿಡೋಣ. ನಾವು ಇಂಜಿನಿಯರಿಂಗ್ ಓದೋರು, ಜಾಹೀರಾತು ಓದಿ ಬೆರಗಾಗಬಾರದು. 2048 ಅಂದರೆ 11 ಬಿಟ್, 8192 ಅಂದರೆ 13 ಬಿಟ್, 16384 ಅಂದರೆ 14 ಬಿಟ್, ಅಷ್ಟೇ. ನೀವು ಬಿಡಿಸುವ ಸಾಮಾನ್ಯ ಚಿತ್ರದಲ್ಲಿ ಒಂದೊಂದು ಬಣ್ಣದ ಚಾನೆಲ್‌ಗೆ 8 ಬಿಟ್, ಅಂದರೆ 256 ಹಂತ. ಒತ್ತಿದಷ್ಟೂ ಬಣ್ಣ ಗಾಢವಾಗಬೇಕು ಅಂತ ಬ್ರಷ್ ಸೆಟ್ ಮಾಡಿದರೂ ಕೊನೆಗೆ ಕಣ್ಣಿಗೆ ಕಾಣೋದು ಆ 256ರೊಳಗೇ. 8192ಕ್ಕೂ 16384ಕ್ಕೂ ಇರುವ ವ್ಯತ್ಯಾಸ ಹಿಡಿಯುವ ಬೆರಳು ನಮ್ಮಲ್ಲಿ ಯಾರಿಗೂ ಇಲ್ಲ. ನಿಜಕ್ಕೂ ಕೈಗೆ ತಿಳಿಯೋದು ಬೇರೆ: ಪೆನ್ನು ಎಷ್ಟು ಹಗುರವಾಗಿ ತಾಗಿದರೆ ಗೆರೆ ಶುರುವಾಗುತ್ತೆ ಅನ್ನೋದು. ಅದು ಬಹಳ ಸಲ ಬಾಕ್ಸ್ ಮೇಲೆ ಇರೋದೇ ಇಲ್ಲ. ಗಟ್ಟಿಯಾಗಿ ಒತ್ತಿದರೇ ಬರೆಯುವ ಪೆನ್ನಾದರೆ ಅರ್ಧ ಗಂಟೆಯಲ್ಲಿ ಮಣಿಕಟ್ಟು ನೋಯುತ್ತೆ, ಲೆವೆಲ್ ಎಷ್ಟೇ ಇರಲಿ.

ರೆಸಲ್ಯೂಶನ್ ಕಥೆಯೂ ಅದೇ. 5080 ಎಲ್‌ಪಿಐ ಅಂತ ದೊಡ್ಡದಾಗಿ ಬರೆದಿರ್ತಾರೆ. 6 ಇಂಚು ಅಗಲದ ಹಲಗೆಯಲ್ಲಿ ಅದು 30480 ಗೆರೆ. ನಿಮ್ಮ ಲ್ಯಾಪ್‌ಟಾಪ್ ಫುಲ್ ಎಚ್‌ಡಿ ಆದರೆ ಅಡ್ಡಕ್ಕೆ 1920 ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಹೆಚ್ಚುಕಮ್ಮಿ 16 ಗೆರೆ ಬಂತು. ಅದರ ಅರ್ಧ ಇದ್ದರೂ ಮಿಗುತ್ತೆ.

ಮುಖ್ಯ ಅನ್ನಿಸೋದು ಹಲಗೆಯ ಅಳತೆ. 15.6 ಇಂಚಿನ ಲ್ಯಾಪ್‌ಟಾಪ್ ಸ್ಕ್ರೀನಿನ ಅಗಲ ಸುಮಾರು 13.6 ಇಂಚು. 6×4 ಇಂಚಿನ ಹಲಗೆಯಲ್ಲಿ ಕೈ ಒಂದು ಸೆಂಟಿಮೀಟರ್ ಸರಿದರೆ ಕರ್ಸರ್ ಎರಡೂಕಾಲು ಸೆಂಟಿಮೀಟರ್ ಓಡುತ್ತೆ. ಕೈ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತೆ. 10×6 ಇಂಚಿನದಾದರೆ ಈ ಹಿಗ್ಗು 1.4ರ ಹತ್ತಿರಕ್ಕೆ ಇಳಿಯುತ್ತೆ, ಉದ್ದ ಗೆರೆ ಸಲೀಸು. ಇನ್ನೊಂದು ಸೂಕ್ಷ್ಮ: 6×4 ಅನ್ನೋದು 3:2, ಸ್ಕ್ರೀನು 16:9. ಡ್ರೈವರ್ ಸೆಟ್ಟಿಂಗ್‌ನಲ್ಲಿ ಅನುಪಾತ ಸರಿ ಮಾಡದೇ ಇದ್ದರೆ ನೀವು ಗುಂಡಗೆ ಎಳೆದ ವೃತ್ತ ಸ್ಕ್ರೀನಲ್ಲಿ ಮೊಟ್ಟೆ. ಸರಿ ಮಾಡಿದರೆ ನಿಮ್ಮ 4 ಇಂಚಿನಲ್ಲಿ ಬಳಕೆಗೆ ಸಿಗೋದು 3.4 ಇಂಚು. ಫಸ್ಟ್ ಇಯರ್ ಡ್ರಾಯಿಂಗ್ ಕ್ಲಾಸಲ್ಲಿ ಸ್ಕೇಲ್ ಬಗ್ಗೆ ಬೈಸಿಕೊಂಡವರಿಗೆ ಇದು ಹೊಸದಲ್ಲ.

ಈಗ ಕೆಡೋ ವಿಷಯ. ಇದೇ ಆಯ್ಕೆಯ ಜೀವಾಳ ಅಂತ ನಮ್ಮ ವಾದ.

ಪೆನ್ನು ಬ್ಯಾಟರಿ ಇಲ್ಲದ್ದೇ ಇರಬೇಕು. ಹಲಗೆಯೊಳಗಿನ ಕಾಯಿಲ್‌ಗಳು ಸಿಗ್ನಲ್ ಬಿಡುತ್ತವೆ, ಪೆನ್ನಿನ ಒಳಗಿರುವ ಪುಟ್ಟ ಕಾಯಿಲ್ ಮತ್ತು ಕೆಪಾಸಿಟರ್ ಅದಕ್ಕೆ ರೆಸೋನೇಟ್ ಆಗಿ ವಾಪಸ್ ಉತ್ತರ ಕೊಡುತ್ತೆ. ಎಲ್‌ಸಿ ಸರ್ಕ್ಯೂಟ್, ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಪಾಸಾದವರಿಗೆಲ್ಲ ಗೊತ್ತು. ಇದನ್ನು ಬೆಳೆಸಿದ್ದು ಜಪಾನಿನಲ್ಲಿ 1983ರಲ್ಲಿ ಶುರುವಾದ ವಾಕಮ್ ಕಂಪನಿ. ಬಹಳ ವರ್ಷ ಪೇಟೆಂಟ್ ಅವರ ಕೈಲಿತ್ತು. ಬೇರೆಯವರು ಪೆನ್ನಿಗೆ ಸೆಲ್ ಹಾಕಬೇಕಿತ್ತು, ಇಲ್ಲಾ ಚಾರ್ಜ್ ಮಾಡಬೇಕಿತ್ತು. ಈಗ ಹ್ಯೂಯಾನ್, ಎಕ್ಸ್‌ಪಿ-ಪೆನ್, ಗಾವೊಮನ್ ಥರದ ಚೀನಾ ಕಂಪನಿಗಳ ಅಗ್ಗದ ಹಲಗೆಯಲ್ಲೂ ಬ್ಯಾಟರಿ ಇಲ್ಲದ ಪೆನ್ನೇ ಬರುತ್ತೆ. ಆದರೂ ಚಾರ್ಜ್ ಮಾಡುವ ಪೆನ್ನಿನ ಹಳೇ ಮಾಡೆಲ್‌ಗಳು ‘ಭಾರೀ ಆಫರ್’ ಅಂತ ಕಣ್ಣಿಗೆ ಬೀಳೋದುಂಟು. ಒಳಗಿನ ಬ್ಯಾಟರಿ ಸತ್ತ ದಿನ ಪೆನ್ನೂ ಸತ್ತಂಗೆ. ಅಂಥದ್ದನ್ನು ಅರ್ಧ ರೇಟಿಗೆ ಕೊಟ್ಟರೂ ಬೇಡ.

ವೈರು ಹಲಗೆಯಿಂದ ಬಿಚ್ಚೋಕೆ ಬರಬೇಕು. ಕೆಲವು ಅಗ್ಗದವುಗಳಲ್ಲಿ ವೈರು ಹಲಗೆಗೇ ಅಂಟಿಕೊಂಡಿರುತ್ತೆ. ಬ್ಯಾಗಲ್ಲಿ ಮಡಚಿ ಮಡಚಿ ವೈರು ಮೊದಲು ಹೋಗುವುದು ಅಲ್ಲೇ, ಬುಡದಲ್ಲಿ. ನಮ್ಮ ಗುಂಪಿನ ಒಬ್ಬಳ ಹಲಗೆ ಹಾಗೇ ಹೋಯ್ತು. ಊರಲ್ಲಿ ಮೊಬೈಲ್ ರಿಪೇರಿಯವರು ‘ಬಿಚ್ಚಿದರೆ ಮತ್ತೆ ಕೂಡಲ್ಲ ನೋಡಮ್ಮ’ ಅಂತ ಕೈ ಚೆಲ್ಲಿದರು. ಕೊನೆಗೆ ಕಾಲೇಜಿಗೆ ತಂದು ನಾವೇ ಸೋಲ್ಡರ್ ಮಾಡಿದ್ದು. ಅದೇ ಯುಎಸ್‌ಬಿ-ಸಿ ಇಲ್ಲವೇ ಮೈಕ್ರೋ ಯುಎಸ್‌ಬಿ ಸಾಕೆಟ್ ಇದ್ದಿದ್ದರೆ ಕೂಡ್ಲಿಗಿ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲೂ ವೈರು ಸಿಗ್ತಿತ್ತು. ಡೇಟಾ ಹೋಗುವ ವೈರು ಅಂತ ಮಾತ್ರ ಕೇಳಿ ತಗೊಳ್ಳಿ, ಬರೀ ಚಾರ್ಜಿಂಗಿಂದು ಕೊಟ್ಟುಬಿಡ್ತಾರೆ.

ನಿಬ್ಬು ಪ್ಲಾಸ್ಟಿಕ್ಕಿನದು, ಸವೆಯೋದೇ ಅದರ ಕೆಲಸ. ಬಾಕ್ಸಲ್ಲಿ ಎಷ್ಟು ಸ್ಪೇರ್ ನಿಬ್ ಕೊಡ್ತಾರೆ ಎಣಿಸಿ, ಬಿಡಿ ನಿಬ್ಬಿನ ಪ್ಯಾಕೆಟ್ ಆನ್‌ಲೈನಲ್ಲಿ ನಮ್ಮ ಪಿನ್‌ಕೋಡಿಗೆ ಬರುತ್ತಾ ನೋಡಿ. ಬಿಡಿ ಪೆನ್ನು ಸಿಗುತ್ತಾ ಅಂತಲೂ ನೋಡಿ, ಯಾಕಂದ್ರೆ ಒಂದು ಮಾಡೆಲ್ಲಿನ ಪೆನ್ನು ಇನ್ನೊಂದಕ್ಕೆ ನಡೆಯೋದು ಕಡಿಮೆ. ಪೆನ್ನು ಕಳೆದರೆ ಹಲಗೆ ಬರೀ ಹಲಗೆ. ಹಲಗೆ ಮೇಲೆ ಪೇಪರ್ ಇಟ್ಟು ಬರೆದರೆ ಕೈಗೆ ಹಿತ, ನಿಬ್ಬಿಗೆ ಕೇಡು. ತೆಳು ಪ್ಲಾಸ್ಟಿಕ್ ಹಾಳೆ ಹಾಕಿಕೊಂಡರೆ ನಿಬ್ಬೂ ಬಾಳುತ್ತೆ, ಹಲಗೆಗೂ ಗೀರು ಬೀಳಲ್ಲ.

ಮೊಬೈಲಿಗೂ ಕೂಡುವಂಥದ್ದನ್ನೇ ನೋಡಿ. ಮನೆಯಲ್ಲಿ ಲ್ಯಾಪ್‌ಟಾಪ್ ಇರೋದು ಒಂದು, ತಂಗಿಯ ಪ್ರಾಜೆಕ್ಟೂ ಅದರಲ್ಲೇ. ಹ್ಯೂಯಾನಿನ ಎಚ್‌ಎಸ್64, ಎಕ್ಸ್‌ಪಿ-ಪೆನ್ನಿನ ಸ್ಟಾರ್ ಜಿ640 ಆಂಡ್ರಾಯ್ಡ್ ಫೋನಿಗೂ ಕೂಡುತ್ತವೆ, ಒಂದು ಒಟಿಜಿ ಸಾಕು. ಫೋನಿಗೆ ಹಾಕಿದಾಗ ಎಷ್ಟೋ ಸಲ ಹಲಗೆಯ ಒಂದು ಭಾಗ ಮಾತ್ರ ಕೆಲಸ ಮಾಡುತ್ತೆ. ಕೆಟ್ಟಿದೆ ಅಂತ ಗಾಬರಿ ಆಗಬೇಡಿ, ಅದು ಇರೋದೇ ಹಾಗೆ. ನೂರು ರೂಪಾಯಿಗೆ ಸಿಗುವ, ತುದಿಯಲ್ಲಿ ಪಾರದರ್ಶಕ ಬಿಲ್ಲೆ ಇರುವ ಸ್ಟೈಲಸ್ ಸಾಕಲ್ಲ ಅನ್ನೋರಿಗೆ ಒಂದು ಮಾತು: ಫೋನಿಗೆ ಅದು ಬೆರಳೇ. ಎಷ್ಟು ಒತ್ತಿದರೂ ಒಂದೇ ದಪ್ಪದ ಗೆರೆ.

ಸ್ಕ್ರೀನ್ ಇರುವ ಪೆನ್ ಡಿಸ್‌ಪ್ಲೇ ಬಗ್ಗೆ ಹೆಚ್ಚು ಹೇಳೋದಿಲ್ಲ. 20 ಸಾವಿರದ ಆಚೀಚೆ ಶುರುವಾಗುತ್ತೆ, ಲ್ಯಾಪ್‌ಟಾಪಂತೂ ಬೇಕೇ ಬೇಕು, ವೈರು ಎರಡು ಮೂರು. ಇಎಂಐ ಹಾಕಿಕೊಂಡು ಮೊದಲ ಹಲಗೆಯಾಗಿ ಇದನ್ನು ತಗೊಳ್ಳೋದು ನಮ್ಮ ದೃಷ್ಟಿಯಲ್ಲಿ ಹುಚ್ಚುತನ. ‘ಕೈ ಒಂದು ಕಡೆ, ಕಣ್ಣು ಒಂದು ಕಡೆ, ಅದು ಆಗಲ್ಲ’ ಅಂತಾರೆ. ಮೌಸ್ ಹಿಡಿದಾಗ ನೀವು ಕೈ ನೋಡ್ತೀರಾ? ಎರಡು ವಾರ ದಿನಕ್ಕೆ ಅರ್ಧ ಗಂಟೆ ಗೀಚಿ, ಕೈ ತಾನೇ ಕಲಿಯುತ್ತೆ.

ಇದೆಲ್ಲ ಯಾಕೆ, ಕ್ಯಾನ್ವಾದಲ್ಲಿ ಟೆಂಪ್ಲೇಟ್ ಇದೆಯಲ್ಲ ಅಂತ ಕೇಳಬಹುದು. ಟೆಂಪ್ಲೇಟಲ್ಲಿ ಕೊಟ್ಟೂರಿನ ತೇರು ಇಲ್ಲ. ಬಾಗಳಿಯ ಕಲ್ಲೇಶ್ವರ ಗುಡಿಯ ಕಂಬ ಇಲ್ಲ, ಹಡಗಲಿ ಮಲ್ಲಿಗೆಯ ದಂಡೆ ಇಲ್ಲ, ಬಿಲ್ಲು ಏರಿ ಕಾರಣಿಕ ನುಡಿಯುವ ಮೈಲಾರದ ಗೊರವಯ್ಯ ಇಲ್ಲ. ಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರದ ಹಕ್ಕಿ ಕೆರೆ 2024ರಲ್ಲಿ ರಾಮ್‌ಸರ್ ಪಟ್ಟಿ ಸೇರಿತು. ಅದರ ಪೋಸ್ಟರಿಗೆ ನಾವು ‘ಬರ್ಡ್’ ಅಂತ ಹುಡುಕಿದರೆ ಸಿಗೋದು ಯಾವುದೋ ದೇಶದ ಗಿಳಿ. ನಮ್ಮೂರ ಜಾತ್ರೆ ಫ್ಲೆಕ್ಸುಗಳೆಲ್ಲ ಒಂದೇ ಥರ ಕಾಣೋದು, ಎಲ್ಲರೂ ಅದದೇ ಫಾಂಟು, ಅದದೇ ಹೂವಿನ ಬಾರ್ಡರ್ ಎತ್ತಿ ಹಾಕೋದರಿಂದ. ಬೋರ್ಡು ಬರೆಯೋರ ಕುಂಚದಲ್ಲಿ ಒತ್ತಿದಲ್ಲಿ ದಪ್ಪ, ಎತ್ತಿದಲ್ಲಿ ಸಣ್ಣ ಆಗ್ತಿದ್ದ ಕನ್ನಡ ಅಕ್ಷರ ಪ್ರೆಶರ್ ಪೆನ್ನಲ್ಲಿ ಮತ್ತೆ ಬರುತ್ತೆ. ನಾವು ಓದಿದ್ದು ಇಂಗ್ಲಿಷ್ ಮೀಡಿಯಂ, ಕನ್ನಡ ಬರೀ ಒಂದು ಸಬ್ಜೆಕ್ಟ್. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಒತ್ತಕ್ಷರವನ್ನು ಕೈಯಾರೆ ಬರೆದದ್ದೇ ಅಪರೂಪ. ಹಲಗೆ ಬಂದ ಮೇಲೆ ‘ಕ್ಷ’, ‘ಜ್ಞ’ಗಳನ್ನು ಇಪ್ಪತ್ತು ಇಪ್ಪತ್ತು ಸಲ ತಿದ್ದಿದ್ದೇವೆ.

ಸಾಫ್ಟ್‌ವೇರಿಗೆ ದುಡ್ಡು ಹಾಕಬೇಡಿ. ಬಿಡಿಸೋಕೆ ಕ್ರಿತಾ, ಅಕ್ಷರ ಮತ್ತು ಲೋಗೋಗೆ ಇಂಕ್‌ಸ್ಕೇಪ್, ಎರಡೂ ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತವೆ. ಟೈಪ್ ಮಾಡಿದ ಕನ್ನಡ ಇಂಕ್‌ಸ್ಕೇಪಿನಲ್ಲಿ ಒತ್ತು ಸಮೇತ ಸರಿಯಾಗಿ ಕೂರುತ್ತೆ. ಕದ್ದ ಫೋಟೋಶಾಪಲ್ಲಿ ಒತ್ತಕ್ಷರ ಒಡೆದು ನೇತಾಡೋದನ್ನು ಕ್ಲಬ್ಬಿನ ಹಳೇ ಪೋಸ್ಟರುಗಳಲ್ಲಿ ನೀವೇ ನೋಡಿರ್ತೀರಿ.

ಸ್ವಂತಕ್ಕೆ ತಗೊಳ್ಳೋದಾದರೆ 6×4 ಇಂಚಿನದು ಸಾಕು, ಆಫರ್‌ಗಳ ಏರಿಳಿತ ಬಿಟ್ಟರೆ 3 ಸಾವಿರದ ಆಜೂಬಾಜು. ‘ವನ್ ಬೈ ವಾಕಮ್’ ಸ್ಮಾಲ್‌ನಲ್ಲಿ ಪ್ರೆಶರ್ ಲೆವೆಲ್ 2048 ಮಾತ್ರ, ಹಲಗೆ ಮೇಲೆ ಬಟನ್ನೂ ಇಲ್ಲ. ಆದರೂ ಲ್ಯಾಪ್‌ಟಾಪಿನಲ್ಲಷ್ಟೇ ಬಿಡಿಸೋರಿಗೆ ನಾವು ಅದನ್ನೇ ಹೇಳ್ತೇವೆ, ಲಿನಕ್ಸಲ್ಲಿ ಹಾಕಿದ ತಕ್ಷಣ ನಡೆಯುತ್ತೆ. ಮೊಬೈಲಿಗೂ ಬೇಕು ಅನ್ನೋರು ಮೇಲೆ ಹೇಳಿದ ಇನ್ನೆರಡು ನೋಡಿ.

ಆದರೆ ಎಲ್ಲರೂ ಸ್ವಂತಕ್ಕೆ ಯಾಕೆ ತಗೋಬೇಕು? ಉತ್ಸಾಹದಲ್ಲಿ ತಗೊಂಡು ಮೂರನೇ ತಿಂಗಳಿಗೆ ಮಂಚದ ಕೆಳಗೆ ತಳ್ಳಿದ ಹಲಗೆಗಳು ಈ ಹಾಸ್ಟೆಲಲ್ಲೇ ಇವೆ. ಕ್ಲಬ್ಬಿನಿಂದಲೇ ಎರಡು ತರಿಸೋಣ ಅನ್ನೋದು ನಮ್ಮ ಬೇಡಿಕೆ, ಎರಡೂ 10×6 ಇಂಚಿನವು. ಐವತ್ತು ಜನ ತಲಾ 200 ಹಾಕಿದರೆ 10 ಸಾವಿರ, ಎರಡು ಹಲಗೆ, ನಿಬ್ಬಿನ ಪ್ಯಾಕೆಟ್ಟು, ಎರಡು ಹೆಚ್ಚುವರಿ ವೈರು ಅದರಲ್ಲಿ ಬರುತ್ತೆ. ರಾಜ್ಯೋತ್ಸವದ ಸ್ಟೇಜ್ ಹಿಂದೆ ಒಂದೇ ಸಂಜೆಗೆ ಕಟ್ಟಿ ಮರುದಿನ ಸುತ್ತಿ ಎಸೆಯುವ ಫ್ಲೆಕ್ಸುಗಳ ಸೈಜು ಸ್ವಲ್ಪ ಇಳಿಸಿದರೆ ಅಷ್ಟು ವಂತಿಗೆಯೂ ಬೇಡವೇನೋ. ‘ಕೊಟ್ಟರೆ ಹಾಳು ಮಾಡ್ತಾರೆ’ ಅಂತ ಸೀನಿಯರ್‌ಗಳ ತಕರಾರು. ಲೈಬ್ರರಿ ಪುಸ್ತಕದ ಹಾಗೆ ರಿಜಿಸ್ಟರಲ್ಲಿ ಬರೆದು ಹದಿನೈದು ದಿನಕ್ಕೆ ಕೊಡೋಣ, ರಜೆಯಲ್ಲಿ ಊರಿಗೆ ಒಯ್ಯೋಕೂ ಬಿಡೋಣ. ತೇರು, ಗುಡಿ, ಹಕ್ಕಿ ಕೆರೆ ಇರೋದು ಅಲ್ಲಿ ತಾನೆ? ಪೆನ್ನು ಕಳೆದವರು ಪೆನ್ನು ತರಿಸಿಕೊಡಬೇಕು, ನಿಬ್ಬಿನ ಖರ್ಚು ಕ್ಲಬ್ಬಿಂದು. ಮುಂದಿನ ಮೀಟಿಂಗಿಗೆ ಈ ಲೆಕ್ಕ ಹಿಡಿದುಕೊಂಡೇ ಬರ್ತೇವೆ, ಬೇಡ ಅನ್ನೋರು ತಮ್ಮ ಲೆಕ್ಕ ತನ್ನಿ.