ಮೈಕು ಹುಡುಗರ ಕೈಗೆ, ಬೀಗದ ಕೈ ಯಾರ ಕೈಗೆ?

ಯುವಜನರ ರೇಡಿಯೊ ಎಂದ ಕೂಡಲೇ ನಮ್ಮ ಕಡೆ ಕೇಳುವ ಪ್ರಶ್ನೆಗಳು ಮೂರೇ ಮೂರು. ಟವರ್ ಎಲ್ಲಿ ಹಾಕ್ತಾರೆ? ಎಷ್ಟು ದೂರ ಕೇಳ್ತದೆ? ಉದ್ಘಾಟನೆಗೆ ಯಾರನ್ನ ಕರೀತಾರೆ? ನಾಲ್ಕನೆಯ ಪ್ರಶ್ನೆ ಯಾರ ಬಾಯಿಂದಲೂ ಬರುವುದಿಲ್ಲ. ಅದರ ಆಡಳಿತ ಮಂಡಳಿಯಲ್ಲಿ ಯಾರು ಕೂಡ್ತಾರೆ?

ಬಂಧುಗಳೆ, ಉಳಿದ ಮೂರನ್ನು ಬಿಟ್ಟರೂ ನಡೆದೀತು, ಈ ನಾಲ್ಕನೆಯದನ್ನು ಮಾತ್ರ ಬಿಡಬೇಡಿ ಎಂದು ಹೇಳಲಿಕ್ಕೇ ನಾವು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಕೃಷ್ಣಾ ನದಿಯ ಆಚೆ ದಂಡೆಯಲ್ಲಿ ದೇವಸೂಗೂರು, ಶಕ್ತಿನಗರ, ರಾಯಚೂರು. ಈಚೆ ದಂಡೆಯಲ್ಲಿ ನಾವು. ರಾಯಚೂರು ಆಕಾಶವಾಣಿಯ ದನಿಗೆ ಸೇತುವೆಯೂ ಬೇಡ, ಚೆಕ್‌ಪೋಸ್ಟೂ ಇಲ್ಲ, ಸೀದಾ ನಮ್ಮ ಮನೆಯೊಳಕ್ಕೆ ಬರುತ್ತದೆ. ಸಂತೋಷ. ಆದರೆ ಆ ರೇಡಿಯೊ ರಾಯಚೂರಿನ ರೈತರದು, ರಾಯಚೂರಿನ ಶಾಲೆಗಳದು. ಹೈದರಾಬಾದಿನಿಂದ ಬರುವ ದನಿ ತೆಲುಗಿನವರದು. ಕನ್ನಡದಲ್ಲಿ ಹತ್ತನೆಯ ತರಗತಿ ಪರೀಕ್ಷೆ ಬರೆಯುವ ತೆಲಂಗಾಣದ ಹುಡುಗಿ ಇವೆರಡರ ನಡುವೆ ಎಲ್ಲಿದ್ದಾಳೆ? ಎಲ್ಲಿಯೂ ಇಲ್ಲ. ಹಾಗಾಗಿ ನಮ್ಮ ಮಕ್ಕಳಿಗೆ ನಮ್ಮದೇ ಒಂದು ಸಣ್ಣ ರೇಡಿಯೊ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ "ನಮ್ಮದು" ಅಂದರೇನು?

ಶಾಲೆಗಳಿಗೆ ಆಗಾಗ ಯಾರಾದರೂ ಬರುತ್ತಾರೆ. ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾರೆ, ಮೈಕು ಹಿಡಿಯುತ್ತಾರೆ, "ಒಂದು ಹಾಡು ಹೇಳಮ್ಮಾ" ಅನ್ನುತ್ತಾರೆ. ಮಗು ಹಾಡುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ಹಾಡು ಯಾವತ್ತು ಬಂತು, ಬಂತೋ ಇಲ್ಲವೋ, ಅದರಲ್ಲಿ ಎಷ್ಟು ಕತ್ತರಿಸಿದರು, ಮಗುವಿಗೆ ಗೊತ್ತಿಲ್ಲ. ಹೀಗೆ ದನಿ ಕೊಟ್ಟವರೆಲ್ಲ ರೇಡಿಯೊದ ಒಡೆಯರಾಗುವುದಿದ್ದರೆ, ಮದುವೆಯಲ್ಲಿ ಊಟ ಬಡಿಸಿದವರೆಲ್ಲ ಬೀಗರಾಗಬೇಕಿತ್ತು!

ರೇಡಿಯೊ ನಡೆಯುವುದು ಸ್ಟುಡಿಯೊದಲ್ಲಿ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ನಡೆಯುವುದು ಸಮಿತಿಯ ಕೋಣೆಯಲ್ಲಿ. ದಿನಕ್ಕೆ ಎಷ್ಟು ತಾಸು ಪ್ರಸಾರ, ಅದರಲ್ಲಿ ಕನ್ನಡ ಎಷ್ಟು ತೆಲುಗು ಎಷ್ಟು, ಸಂಬಳ ಯಾರಿಗೆ, ಬರೇ ಸರ್ಟಿಫಿಕೇಟು ಯಾರಿಗೆ, ಯಾವ ಮಾತು ಹೋಗಬೇಕು ಯಾವುದು ಹೋಗಬಾರದು, ಜಾಹೀರಾತಿನ ದುಡ್ಡು ಎಲ್ಲಿಗೆ, ಸಂಜೆ ಏಳರ ನಂತರ ಹುಡುಗಿಯರು ಉಳಿಯುವುದಾದರೆ ಅವರನ್ನು ಮನೆಗೆ ಮುಟ್ಟಿಸುವವರು ಯಾರು... ಇದೆಲ್ಲ ತೀರ್ಮಾನವಾಗುವುದು ಅಲ್ಲಿಯೇ. ಕೊನೆಯದನ್ನು ಯಾರೂ ಸಣ್ಣದೆಂದು ತಿಳಿಯಬೇಡಿ. ಹುಡುಗಿಯ ತಾಯಿ ಆ ಸಮಿತಿಯಲ್ಲಿದ್ದರೆ ಆಟೊ ವ್ಯವಸ್ಥೆ ಆಗುತ್ತದೆ. ಇಲ್ಲದಿದ್ದರೆ "ಹುಡುಗಿಯರು ಬರುವುದಿಲ್ಲ, ಏನು ಮಾಡೋದು" ಎಂದು ಬರೆದು ಕಡತ ಮುಚ್ಚುತ್ತಾರೆ.

ಕಾನೂನು ಏನು ಹೇಳುತ್ತದೆ ನೋಡೋಣ. 1995ರಲ್ಲಿ ಸುಪ್ರೀಂ ಕೋರ್ಟು ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿ ಎಂದು ತೀರ್ಪು ಕೊಟ್ಟಿತು. ಅಂದರೆ ಕೆರೆ, ಗೋಮಾಳ ಇದ್ದಂತೆ, ಎಲ್ಲರದು. ಆದರೂ 2002ರ ಕೊನೆಗೆ ಸರ್ಕಾರ ಬಾಗಿಲು ತೆರೆದದ್ದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಎಫ್‌ಎಂ ಶುರುವಾಯಿತು. ಹಳ್ಳಿಯ ಸಂಘ ಸಂಸ್ಥೆಗಳು 2006ರ ನವೆಂಬರ್‌ವರೆಗೆ ಕಾಯಬೇಕಾಯಿತು. ಆ 2006ರ ಸಮುದಾಯ ರೇಡಿಯೊ ನೀತಿಯಲ್ಲಿ ಒಂದು ಒಳ್ಳೆಯ ಮಾತಿದೆ. ಒಡೆತನ ಮತ್ತು ಆಡಳಿತದ ರಚನೆ ಆ ರೇಡಿಯೊ ಯಾವ ಸಮುದಾಯಕ್ಕಾಗಿ ಇದೆಯೋ ಆ ಸಮುದಾಯವನ್ನು ಬಿಂಬಿಸಬೇಕು ಎಂದು. ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧ ಭಾಗ ಸ್ಥಳೀಯರು ಸೇರಿ ತಯಾರಿಸಿದ್ದಿರಬೇಕು ಎಂದೂ ಇದೆ. 2024ರಲ್ಲಿ ಪರಿಷ್ಕರಿಸಿದಾಗ ಇನ್ನೊಂದು ಮಾತು ಸೇರಿತು. ಸಲಹೆ ಮತ್ತು ಕಾರ್ಯಕ್ರಮ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು.

ಹೆಂಗಸರಿಗೆ ಅರ್ಧ ಪಾಲು ಎಂದು ಬರೆಯಬಹುದಾದರೆ, "ಯುವ ರೇಡಿಯೊ" ಎಂದು ಬೋರ್ಡು ಹಾಕಿದಲ್ಲಿ ಯುವಕ ಯುವತಿಯರಿಗೆ ಅರ್ಧ ಪಾಲು ಎಂದು ಯಾಕೆ ಬರೆಯಬಾರದು? ಸಮುದಾಯವನ್ನು ಬಿಂಬಿಸಬೇಕು ಎಂಬ ಮಾತಿಗೆ ಅರ್ಥ ಇರುವುದೇ ಆದರೆ, ಯುವಕರ ರೇಡಿಯೊದ ಕುರ್ಚಿಗಳ ಮೇಲೆ ಅರವತ್ತು ದಾಟಿದವರೇ ಕೂತಿರುವುದು ಯಾವ ಬಿಂಬ?

ಹಳೆಯ ಅನುಭವವೂ ನಮಗಿದೆ. ಆಕಾಶವಾಣಿ 1969ರಲ್ಲಿ ದೆಹಲಿಯಲ್ಲಿ ಯುವವಾಣಿ ಶುರುಮಾಡಿತು. ಅದು ಬೇರೆ ನಿಲಯಗಳಿಗೂ ಹಬ್ಬಿತು. ಎಷ್ಟೋ ಜನ ಕಲಾವಿದರು, ಬರಹಗಾರರು ಮೊದಲ ಸಲ ಮೈಕಿನ ಮುಂದೆ ನಿಂತದ್ದು ಅಲ್ಲಿ. ಆ ಉಪಕಾರವನ್ನು ಅಲ್ಲಗಳೆಯುವುದಿಲ್ಲ. ಆದರೆ ದಿನ, ವೇಳೆ, ವಿಷಯ ಎಲ್ಲದಕ್ಕೂ ಕೊನೆಯ ಸಹಿ ಅಧಿಕಾರಿಗಳದ್ದೇ. ಯುವಕರು ಅಲ್ಲಿ ಅತಿಥಿಗಳು. ಅತಿಥಿಗೆ ಊಟ ಸಿಗುತ್ತದೆ, ಅಡುಗೆ ಏನೆಂದು ಹೇಳುವ ಹಕ್ಕು ಸಿಗುವುದಿಲ್ಲ.

"ಹುಡುಗರಿಗೇನು ಗೊತ್ತು, ರೇಡಿಯೊ ನಡೆಸೋದು ಅಂದ್ರೆ ಆಟವಾ?" ಎಂದು ಕೇಳುವವರಿದ್ದಾರೆ. ಅವರನ್ನು ನಾವು ದೂರ ಕಳಿಸುವುದಿಲ್ಲ. ನಮ್ಮದೇ ತೆಲಂಗಾಣದ ಜಹೀರಾಬಾದ್ ಹತ್ತಿರದ ಮಾಚನೂರಿಗೆ ಕಳಿಸುತ್ತೇವೆ. ಬೀದರಿನಿಂದ ದೂರವೇನಿಲ್ಲ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳ ಸಂಘಂ ರೇಡಿಯೊ ಅಲ್ಲಿದೆ. ಸಂಘದ ಹೆಚ್ಚಿನವರು ಬಡ ದಲಿತ ಹೆಣ್ಣುಮಕ್ಕಳು, ತುಂಡು ಜಮೀನಿನಲ್ಲಿ ಜೋಳ, ನವಣೆ ಬೆಳೆಯುವವರು. 1990ರ ದಶಕದ ಕೊನೆಯಿಂದಲೇ ಅವರು ಧ್ವನಿಮುದ್ರಣ ಕಲಿತು ಕ್ಯಾಸೆಟ್ಟು ತುಂಬಿಸುತ್ತಿದ್ದರು. ಲೈಸೆನ್ಸು ಮಾತ್ರ ಇರಲಿಲ್ಲ. ಪ್ರಸಾರ ಶುರುವಾದದ್ದು 2008ರ ಅಕ್ಟೋಬರ್ 15ರಂದು. ಉದ್ಘಾಟಿಸಿದವರು 1995ರ ಆ ತೀರ್ಪು ಕೊಟ್ಟ ಪೀಠದಲ್ಲಿದ್ದ ನ್ಯಾಯಮೂರ್ತಿ ಪಿ.ಬಿ. ಸಾವಂತರು!

ಆ ರೇಡಿಯೊ ನಡೆಸಿ ಹೆಸರಾದವರು ಇಬ್ಬರು, ಇಬ್ಬರ ಹೆಸರೂ ನರಸಮ್ಮ. ಒಬ್ಬರು ಜನರಲ್ ನರಸಮ್ಮ, ಇನ್ನೊಬ್ಬರು ಆಲ್ಗೋಲ್ ನರಸಮ್ಮ. ಕಾರ್ಯಕ್ರಮ ಯೋಚಿಸುವುದು, ಹಳ್ಳಿಗೆ ಹೋಗಿ ಮುದ್ರಿಸುವುದು, ಕತ್ತರಿಸಿ ಜೋಡಿಸುವುದು, ಪ್ರಸಾರ ಮಾಡುವುದು ಎಲ್ಲವನ್ನೂ ಅವರೇ ಕಲಿತರು. ಅವರ ಹಿಂದೆ ನಿಂತವರು ಪಿ.ವಿ. ಸತೀಶ್, ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ಕೆಲಸ ಮಾಡಿ ಬಂದವರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ಟಿವಿ ಕಾರ್ಯಕ್ರಮ ಮಾಡಬಲ್ಲ ಮನುಷ್ಯ ತಾನೇ ಮೈಕಿನ ಮುಂದೆ ಕೂರಬಹುದಿತ್ತಲ್ಲ? ಕೂರಲಿಲ್ಲ. ಹೊಲದಿಂದ ಬಂದ ಹೆಣ್ಣುಮಕ್ಕಳಿಗೆ ಯಂತ್ರ ಕಲಿಸಿ ಕೈಗೆ ಕೊಟ್ಟರು. ಹೊಲದಲ್ಲಿ ದುಡಿದ ಕೈಗೆ ರೇಡಿಯೊ ನಡೆಸಲು ಬಂತು ಎಂದ ಮೇಲೆ ನಮ್ಮ ಇಂಟರ್ ಓದುವ, ಫೋನಿನಲ್ಲೇ ವಿಡಿಯೊ ಕತ್ತರಿಸುವ ಹುಡುಗ ಹುಡುಗಿಯರಿಗೆ ಬರುವುದಿಲ್ಲವೆ?

ಕೋಲಾರ ಜಿಲ್ಲೆಯ ಬೂದಿಕೋಟೆಯನ್ನೂ ನೆನೆಯಬೇಕು. ಅದೂ ಗಡಿ ಸೀಮೆಯೇ, ಕನ್ನಡ ತೆಲುಗು ಎರಡೂ ಕೇಳುವ ಊರು. ಆಕಾಶದಲ್ಲಿ ಪ್ರಸಾರ ಮಾಡಲು ಕಾನೂನು ಬಿಡದಿದ್ದ ಕಾಲದಲ್ಲಿ, 2003ರಲ್ಲಿ, ಅಲ್ಲಿನ 'ನಮ್ಮ ಧ್ವನಿ' ಟಿವಿಯ ಕೇಬಲ್ ತಂತಿಯಲ್ಲೇ ಮನೆಮನೆಗೆ ದನಿ ಹರಿಸಿತು. ವಾಯ್ಸಸ್, ಮೈರಾಡ, ಯುನೆಸ್ಕೊ ಬೆಂಬಲ ಕೊಟ್ಟವು. ಸ್ವಸಹಾಯ ಸಂಘದ ಹೆಂಗಸರು, ಊರಿನ ಯುವಕರು ಕೆಲಸ ಹೊತ್ತರು. ಟವರೇ ಇಲ್ಲದೆ ರೇಡಿಯೊ ಆಯಿತು. ನಡೆಸುವವರು ಇಲ್ಲದೆ ಆಗುತ್ತಿತ್ತೆ?

ಇನ್ನು ನಮ್ಮ ಊರಿಗೆ ಬರೋಣ. ಸಮುದಾಯ ರೇಡಿಯೊದ ಯಂತ್ರಕ್ಕೆ ಸಾಮಾನ್ಯವಾಗಿ 100 ವ್ಯಾಟ್ ಮಿತಿ, ಕಂಬ 30 ಮೀಟರ್. ದನಿ ಹತ್ತು ಹದಿನೈದು ಕಿಲೋಮೀಟರ್ ಹೋದರೆ ಹೆಚ್ಚು. ಕೃಷ್ಣಾದಲ್ಲಿ ಕಂಬ ನೆಟ್ಟರೆ ಗುಡೆಬಲ್ಲೂರು, ಮುಡುಮಾಲ್ ಕಡೆ ಕೇಳಬಹುದು, ನದಿಯಾಚೆ ಶಕ್ತಿನಗರಕ್ಕೂ ಮುಟ್ಟಬಹುದು. ಮಖ್ತಲ್ ಮುಟ್ಟುವುದು ಕಷ್ಟ. ನಾರಾಯಣಪೇಟೆ, ಗದ್ವಾಲದ ಮಾತೇ ಬೇಡ. "ಮೂರೂ ತಾಲೂಕಿಗೆ ಒಂದೇ ರೇಡಿಯೊ, ಒಂದೇ ಮಂಡಳಿ, ಅಧ್ಯಕ್ಷರು ನಾವೇ" ಎಂದು ಯಾರಾದರೂ ಬಂದರೆ ಮೊದಲು ಈ ಲೆಕ್ಕ ಕೇಳಿ. ದನಿ ಮುಟ್ಟದ ಊರಿನವರು ಕುರ್ಚಿ ಹಿಡಿಯುವುದು, ದನಿ ಮುಟ್ಟುವ ಊರಿನವರು ನೆಲದ ಮೇಲೆ ಕೂರುವುದು, ಇದು ಆಗಬಾರದು. ಗದ್ವಾಲಕ್ಕೆ ಬೇಕಾದರೆ ಗದ್ವಾಲದವರದೇ ಬೇರೆ ಸಮಿತಿ ಆಗಲಿ. 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ತಾಲೂಕು ಅದು. ಅಲ್ಲಿಗೆ ತನ್ನದೇ ಕಥೆ ಇದೆ.

ಏನು ಪ್ರಸಾರ ಮಾಡ್ತೀರಿ ಎಂದು ಕೇಳುತ್ತಾರೆ. ನೀತಿಯ ಪ್ರಕಾರ ಆಕಾಶವಾಣಿಯ ವಾರ್ತೆ ಬಿಟ್ಟು ಬೇರೆ ಸುದ್ದಿ ಹೇಳುವಂತಿಲ್ಲ, ನಿಜ. ಆದರೆ ಪರೀಕ್ಷೆ, ಫಲಿತಾಂಶ, ಪ್ರವೇಶ, ಉದ್ಯೋಗ, ಹವಾಮಾನ, ಕರೆಂಟು, ನೀರು, ಪ್ರಕೃತಿ ವಿಕೋಪ, ಇವನ್ನೆಲ್ಲ ಹೇಳಬಹುದು. ಕನ್ನಡ ಮಾಧ್ಯಮದ ಪಠ್ಯಪುಸ್ತಕ ಬಂತೇ ಇಲ್ಲವೇ ಎಂದು ತಿಳಿಯಲು ಊರೂರು ಅಲೆಯುವ ಪಾಲಕರಿಗೆ ಇದು ಸಣ್ಣ ವಿಷಯವೆ? 2009ರ ಅಕ್ಟೋಬರ್ ಪ್ರವಾಹ ಕಂಡ ನದಿ ದಂಡೆಯವರಿಗೆ ನೀರಿನ ಸುದ್ದಿ ತಮ್ಮ ಮಾತಿನಲ್ಲಿ ಸಿಗುವುದು ಸಣ್ಣದೆ? ಭೀಮೆ ಬಂದು ಕೃಷ್ಣೆಗೆ ಸೇರುವ ತಂಗಡಗಿ ಸಂಗಮ ನಮ್ಮಲ್ಲಿದೆ. ಮುಡುಮಾಲಿನ ನಿಲುವುಗಲ್ಲುಗಳು 2025ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಅವುಗಳ ಬಗ್ಗೆ ಊರಿನ ಅಜ್ಜಿ ಹೇಳುವ ಕಥೆಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ದಾಖಲಿಸಬಲ್ಲವರು ಯಾರು? 2018ರ ಕಾಯ್ದೆಯಿಂದ ತೆಲುಗನ್ನೂ ಕಲಿಯುತ್ತಿರುವ ನಮ್ಮ ಕನ್ನಡ ಶಾಲೆಯ ಮಕ್ಕಳೇ. ಎರಡು ಭಾಷೆ ಬಲ್ಲ ಈ ಮಕ್ಕಳನ್ನು ಎಲ್ಲರೂ "ಪಾಪ, ಗಡಿಯವರು" ಅನ್ನುತ್ತಾರೆ. ರೇಡಿಯೊಕ್ಕೆ ಇವರಿಗಿಂತ ಯೋಗ್ಯರು ಬೇಕೆ?

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಆಡಳಿತ ಮಂಡಳಿಯಲ್ಲಿ ಅರ್ಧ ಜನ 18ರಿಂದ 25 ವರ್ಷದೊಳಗಿನವರು. ಇನ್ನೂ ಶಾಲೆಯಲ್ಲಿರುವ ಮಕ್ಕಳಿಗೆ ಕಾರ್ಯಕ್ರಮ ಸಮಿತಿಯಲ್ಲಿ ಜಾಗ.

2. ಮಹಿಳೆಯರ ಅರ್ಧ ಪಾಲು ಕಾಗದದ ಮೇಲಿನದಾಗಬಾರದು. ಹೆಂಡತಿಯ ಹೆಸರು, ಗಂಡನ ಸಹಿ ನಡೆಯುವುದಿಲ್ಲ.

3. ಎರಡು ವರ್ಷಕ್ಕೊಮ್ಮೆ ಮಂಡಳಿ ಬದಲಾಗಬೇಕು. ಆಜೀವ ಅಧ್ಯಕ್ಷರು ನಮಗೆ ಬೇಡ.

4. ಮೂರು ತಿಂಗಳಿಗೊಮ್ಮೆ ಜಮಾಖರ್ಚು ರೇಡಿಯೊದಲ್ಲೇ ಓದಬೇಕು. ಗಂಟೆಗೆ 12 ನಿಮಿಷ ಜಾಹೀರಾತಿಗೆ 2024ರ ನೀತಿ ಅವಕಾಶ ಕೊಟ್ಟಿದೆ. ಆ ದುಡ್ಡು ಎಲ್ಲಿಗೆ ಹೋಯಿತೆಂದು ಕೇಳುಗರಿಗೆ ತಿಳಿಯಬೇಕು.

5. ಶಿಕ್ಷಕರಿಗೆ ಒಂದೇ ಕುರ್ಚಿ. ಹೌದು, ನಮಗೂ ಒಂದೇ! ಮಾಸ್ತರು ಎದುರಿಗಿದ್ದರೆ ಹುಡುಗ ಬಾಯಿ ಬಿಡುವುದಿಲ್ಲ, ಕೈ ಎತ್ತಿ ಕಾಯುತ್ತಾನೆ. ರೇಡಿಯೊವನ್ನು ಇನ್ನೊಂದು ತರಗತಿ ಮಾಡುವುದು ಬೇಡ.

"ಏನಾದರೂ ತಪ್ಪು ಪ್ರಸಾರವಾದರೆ ಉತ್ತರ ಕೊಡುವವರು ಯಾರು?" ಇದು ನ್ಯಾಯವಾದ ಪ್ರಶ್ನೆ. ಲೈಸೆನ್ಸು ಸಿಗುವುದು ಸಂಸ್ಥೆಗೆ, ವ್ಯಕ್ತಿಗಲ್ಲ. ಕಾನೂನಿನ ಹೊಣೆ ಆ ಸಂಸ್ಥೆಯ ಹಿರಿಯರು ಹೊರಲಿ, ಪ್ರಸಾರಕ್ಕೆ ಮೊದಲು ಕೇಳಿ ನೋಡುವ ನಿಯಮವನ್ನು ಹಿರಿಯರು ಕಿರಿಯರು ಕೂಡಿಯೇ ಬರೆಯಲಿ. ಹೊಣೆಯ ನೆಪ ಹೇಳಿ ಅಧಿಕಾರ ಪೂರ್ತಿ ಇಟ್ಟುಕೊಳ್ಳುವುದು ಮಾತ್ರ ಬೇಡ.

ಸ್ವಯಂಸೇವಾ ಸಂಸ್ಥೆ ಅರ್ಜಿ ಹಾಕಬೇಕಾದರೆ ನೋಂದಣಿಯಾಗಿ ಮೂರು ವರ್ಷ ಆಗಿರಬೇಕೆಂದು ನಿಯಮ. ಹಾಗಾದರೆ ಕಾಯುವುದೇಕೆ? ಮಾಚನೂರಿನವರು ಲೈಸೆನ್ಸಿಗೆ ಮೊದಲೇ ಹತ್ತು ವರ್ಷ ಕೆಲಸ ಕಲಿತರು. ಮುಂದಿನ ಪಾಲಕರ ಸಭೆಯಲ್ಲಿ, ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ವಿಷಯ ಎತ್ತಿರಿ. ಈ ವರ್ಷವೇ ಸಂಘ ನೋಂದಾಯಿಸಿ. ಶಾಲೆಗೊಂದು ರೇಡಿಯೊ ಗುಂಪು ಮಾಡಿ, ಫೋನಿನಲ್ಲೇ ಧ್ವನಿಮುದ್ರಿಸಿ ಪ್ರಾರ್ಥನೆಯ ವೇಳೆ ಕೇಳಿಸಲಿ. ಗುಂಪಿನ ನಾಯಕರನ್ನು ಮಕ್ಕಳೇ ಆರಿಸಲಿ, ಹೆಡ್‌ಮಾಸ್ತರರು ಆರಿಸಬಾರದು. ಮೂರು ವರ್ಷ ಕಳೆದು ಅರ್ಜಿ ಹಾಕುವ ದಿನ, ಮಂಡಳಿಯಲ್ಲಿ ಕೂರುವ ಹುಡುಗ ಹುಡುಗಿಯರ ಹೆಸರಿನ ಪಟ್ಟಿ ನಮ್ಮ ಕೈಯಲ್ಲಿ ತಯಾರಿರಬೇಕು. ಇಲ್ಲದಿದ್ದರೆ ಆ ಪಟ್ಟಿಯನ್ನು ಬೇರೆ ಯಾರೋ ಬರೆದಿರುತ್ತಾರೆ.