ನಗಿಸುವ ಚಿತ್ರ, ಅಳಿಸುವ ನಾಲಗೆ

ಮಕ್ಕಳು ಯಾವ ಸಿನಿಮಾ ನೋಡಬೇಕು, ಯಾವುದನ್ನು ನೋಡಬಾರದು ಎಂಬುದು ಇಂದು ಥಿಯೇಟರಿನ ಬಾಗಿಲಲ್ಲಿ ನಿರ್ಧಾರವಾಗುವುದಿಲ್ಲ. ಹೆತ್ತವರ ಅರಿವಿಗೆ ಬರುವ ಮುನ್ನವೇ ಅದು ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿ ತೀರ್ಮಾನವಾಗಿರುತ್ತದೆ. ಆದ್ದರಿಂದ, 'ಸಿನಿಮಾವೇ ಬೇಡ' ಎಂದು ಹೇಳಿ ಮಾತು ಮುಗಿಸುವುದು ಸುಲಭವಾದರೂ ಅದು ಉತ್ತರವಾಗುವುದಿಲ್ಲ. 2010ರಲ್ಲಿ ತೆರೆಕಂಡ 'ಈಝಿ ಎ' ಎಂಬ ಅಮೇರಿಕದ ಪ್ರಣಯ ಹಾಸ್ಯ ಚಿತ್ರವನ್ನೇ ಪರಿಶೀಲಿಸೋಣ.

ವಿಲ್ ಗ್ಲಕ್ ನಿರ್ದೇಶಿಸಿದ, ಎಮ್ಮಾ ಸ್ಟೋನ್ ನಾಯಕಿಯಾಗಿರುವ ಈ ಚಿತ್ರಕ್ಕೆ ಪ್ರೇರಣೆ ನಥಾನಿಯೆಲ್ ಹಾಥಾರ್ನ್‌ರ 1850ರ ಕಾದಂಬರಿ 'ದಿ ಸ್ಕಾರ್ಲೆಟ್ ಲೆಟರ್'. ಕ್ಯಾಲಿಫೋರ್ನಿಯಾದ ಶಾಲೆಯೊಂದರ ವಿದ್ಯಾರ್ಥಿನಿ ಆಲಿವ್, ಗೆಳತಿಯ ಒತ್ತಾಯಕ್ಕೆ ಮಣಿದು, ತಾನು ಯುವಕನೊಬ್ಬನೊಂದಿಗೆ ದೈಹಿಕ ಸಂಬಂಧ ಬೆಳೆಸಿದೆನೆಂದು ಸುಳ್ಳು ಹೇಳುತ್ತಾಳೆ. ಮರೆಯಲ್ಲಿದ್ದು ಕೇಳಿಸಿಕೊಂಡ ಸಹಪಾಠಿ ಅದನ್ನು ಶಾಲೆಯಿಡೀ ಹರಡುತ್ತಾಳೆ. ಮಾಡದ ತಪ್ಪಿನ ಕಳಂಕ ಹೊತ್ತ ಹುಡುಗಿ, ಕಾದಂಬರಿಯ ನಾಯಕಿಯಂತೆ ತನ್ನ ಉಡುಪಿನ ಮೇಲೆ 'ಎ' ಅಕ್ಷರವನ್ನು ಹೊಲಿದುಕೊಳ್ಳುತ್ತಾಳೆ.

ಶ್ರೇಷ್ಠ ಸಾಹಿತ್ಯದಿಂದ ಹುಟ್ಟಿದ ಚಿತ್ರವನ್ನು ಮಕ್ಕಳು ನೋಡಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಈ ವಾದವನ್ನು ನಾವು ಒಪ್ಪುವುದಿಲ್ಲ. ಕಾದಂಬರಿಯಲ್ಲಿ ಪಾಪಕ್ಕೆ ಭಾರವಿದೆ, ಮೌನಕ್ಕೂ ಬೆಲೆಯಿದೆ. ಚಿತ್ರದಲ್ಲಾದರೋ, ಹುಡುಗರು ಕೊಡುವ ಗಿಫ್ಟ್ ಕಾರ್ಡ್‌ಗಳಿಗೆ ಪ್ರತಿಯಾಗಿ ನಾಯಕಿ ತನ್ನ ಹೆಸರನ್ನೇ ಬಿಟ್ಟುಕೊಡುತ್ತಾಳೆ. ಶಾಲೆಯ ವಿವಾಹಿತ ಆಪ್ತ ಸಲಹೆಗಾರ್ತಿಯೊಬ್ಬಳು ವಿದ್ಯಾರ್ಥಿಯೊಂದಿಗೆ ಸಂಬಂಧ ಬೆಳೆಸುವುದೂ ಇಲ್ಲಿ ಕಥೆಯ ಒಂದು ತಿರುವು ಮಾತ್ರ. ಧರ್ಮನಿಷ್ಠರೆಂದು ತೋರಿಸಲಾದ ವಿದ್ಯಾರ್ಥಿಗಳೋ ನಗೆಪಾಟಲಿನ ವಸ್ತುಗಳು. ಅಮೇರಿಕದವರೇ ಇದಕ್ಕೆ 'ಪಿಜಿ-13' ಎಂಬ ಎಚ್ಚರಿಕೆಯ ಚೀಟಿ ಅಂಟಿಸಿದ್ದಾರೆ. ಹದಿಹರೆಯದ ಮಕ್ಕಳು ಒಂಟಿಯಾಗಿ ಕುಳಿತು ನೋಡಲು ಈ ಚಿತ್ರ ಸೂಕ್ತವಲ್ಲ ಎಂಬುದೇ ನಮ್ಮ ಖಚಿತ ಅಭಿಪ್ರಾಯ.

ಆದರೆ ಇಷ್ಟಕ್ಕೇ ನಮ್ಮ ಹೊಣೆ ಮುಗಿಯಿತೇ? ಈ ಚಿತ್ರ ಎತ್ತುವ ಮೂಲ ಪ್ರಶ್ನೆ ಹೆಣ್ಣುಮಗಳೊಬ್ಬಳ ಮಾನವನ್ನು ನಾಲಗೆಯ ತುದಿಯಲ್ಲಿ ಹರಾಜು ಹಾಕುವ ಸಮಾಜದ ಕುರಿತಾದದ್ದು. ಆ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ಹಾಲಿವುಡ್‌ನ ಅಗತ್ಯವಿಲ್ಲ. ಹದಿನಾಲ್ಕು ಶತಮಾನಗಳ ಹಿಂದೆಯೇ ಪವಿತ್ರ ಕುರ್‌ಆನ್ 'ಅನ್ನೂರ್' ಅಧ್ಯಾಯದಲ್ಲಿ ಅದನ್ನು ನೀಡಿದೆ.

ಪ್ರಯಾಣವೊಂದರಲ್ಲಿ ಕಳೆದುಹೋದ ಕಂಠಹಾರವನ್ನು ಹುಡುಕುತ್ತಾ ಹಿಂದುಳಿದ ಹಝ್ರತ್ ಆಯಿಶಾ(ರ)ರನ್ನು ಸಫ್ವಾನ್(ರ) ಒಂಟೆಯ ಮೇಲೆ ಕುಳ್ಳಿರಿಸಿ ತಂಡದ ಬಳಿಗೆ ಕರೆತಂದರು. ಇಷ್ಟನ್ನೇ ನೆಪವಾಗಿಸಿ ಕಪಟ ವಿಶ್ವಾಸಿಗಳು ಹಬ್ಬಿಸಿದ ಸುಳ್ಳು ಪ್ರವಾದಿ(ಸ)ರ ಮನೆಯನ್ನೇ ಸುಮಾರು ಒಂದು ತಿಂಗಳ ಕಾಲ ದುಃಖದಲ್ಲಿ ಮುಳುಗಿಸಿತು. ಕೊನೆಗೆ ಅವರ ಪಾವಿತ್ರ್ಯವನ್ನು ಸಾರುವ ವಚನಗಳು ಅವತೀರ್ಣಗೊಂಡವು. ಅವು ಸುಳ್ಳು ಕಟ್ಟಿದವರನ್ನು ಖಂಡಿಸಿದ್ದಲ್ಲದೆ, ಕೇಳಿದೊಡನೆ ಒಳ್ಳೆಯದನ್ನೇ ಭಾವಿಸಿ ಅದನ್ನು ತಳ್ಳಿಹಾಕದವರನ್ನೂ ಪ್ರಶ್ನಿಸಿದವು. ಸುಶೀಲ ಸ್ತ್ರೀಯರ ಮೇಲೆ ಆರೋಪ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರದವರಿಗೆ ಎಂಬತ್ತು ಛಡಿಯೇಟಿನ ಶಿಕ್ಷೆಯನ್ನು ವಿಧಿಸಿದ್ದೂ, ಅವರ ಸಾಕ್ಷ್ಯವನ್ನು ಮುಂದೆಂದೂ ಸ್ವೀಕರಿಸಬಾರದೆಂದು ಆದೇಶಿಸಿದ್ದೂ ಇದೇ ಅಧ್ಯಾಯ.

ಈಗ ನಮ್ಮ ಮೊಹಲ್ಲಾಗಳತ್ತ ನೋಡೋಣ. ಕಾಲೇಜಿಗೆ ಹೋಗುವ ಹುಡುಗಿ ಸಹಪಾಠಿಯೊಂದಿಗೆ ಬಸ್ ನಿಲ್ದಾಣದಲ್ಲಿ ಎರಡು ಮಾತಾಡಿದರೆ ಸಾಕು, ಅವಳು ಮನೆ ತಲುಪುವ ಮುನ್ನವೇ ಫೋಟೋ ವಾಟ್ಸಾಪ್ ಗುಂಪುಗಳನ್ನು ತಲುಪಿರುತ್ತದೆ. ಆಗ ನಾಲ್ವರು ಸಾಕ್ಷಿಗಳನ್ನು ಕೇಳುವವರು ಯಾರು? ಹೆಚ್ಚಿನ ಸಂದರ್ಭಗಳಲ್ಲಿ ಹೆತ್ತವರು ಕೇಳುವುದು ಒಂದನ್ನೇ: 'ನಾಳೆಯಿಂದ ಕಾಲೇಜು ಯಾಕೆ?' ಸುಳ್ಳು ಹಬ್ಬಿಸಿದವನು ಮೊದಲ ಸಫ್ಫಿನಲ್ಲಿ ನಮಾಝ್‌ಗೆ ನಿಲ್ಲುತ್ತಾನೆ. ಹುಡುಗಿಯ ಪುಸ್ತಕಗಳು ಅಟ್ಟ ಸೇರುತ್ತವೆ.

2009ರ ಜನವರಿಯಲ್ಲಿ ಮಂಗಳೂರಿನ ಪಬ್‌ಗೆ ನುಗ್ಗಿ ಯುವತಿಯರನ್ನು ಥಳಿಸಿದಾಗ ನಾವು ಅದನ್ನು ಅನೈತಿಕ ಪೊಲೀಸ್‌ಗಿರಿಯೆಂದು ಕರೆದೆವು. ಸರಿಯಾಗಿಯೇ ಕರೆದೆವು. ಹಾಗಿದ್ದರೆ, ಬುರ್ಖಾ ಧರಿಸಿದ ಹುಡುಗಿಯನ್ನು ದಾರಿಯಲ್ಲಿ ತಡೆದು ವಿಚಾರಣೆ ನಡೆಸುವ ನಮ್ಮದೇ ಯುವಕರ ಕೃತ್ಯಕ್ಕೆ 'ಗೈರತ್' ಎಂಬ ಗೌರವದ ಹೆಸರೇಕೆ?

ಮಕ್ಕಳ ಮೊಬೈಲಿನಿಂದ ಒಂದು ಚಿತ್ರವನ್ನು ಅಳಿಸಿಬಿಡಲು ಒಂದು ನಿಮಿಷ ಸಾಕು. ಆದರೆ ಮಗಳು ತನ್ನ ತಪ್ಪನ್ನಾಗಲಿ, ತನ್ನ ಮೇಲೆ ಬಂದ ಅಪವಾದವನ್ನಾಗಲಿ ಅಂಜದೆ ಹೇಳಿಕೊಳ್ಳಬಲ್ಲ ಮನೆಯನ್ನು ಕಟ್ಟಲು ವರ್ಷಗಳೇ ಬೇಕು. 'ಅನ್ನೂರ್' ಅಧ್ಯಾಯವನ್ನು ಮಗಳ ಉಡುಪಿನ ಬಗ್ಗೆ ಮಾತಾಡುವಾಗ ಮಾತ್ರವಲ್ಲ, ಮಗನ ನಾಲಗೆಯ ಬಗ್ಗೆಯೂ ಓದಿ ಹೇಳುವ ತಂದೆಯಂದಿರು ನಮಗೆ ಬೇಕು. ಅಪವಾದ ಹೊತ್ತು ತಂದವನನ್ನು ಬಾಗಿಲಲ್ಲೇ ನಿಲ್ಲಿಸಿ, 'ಸಾಕ್ಷಿಗಳೆಲ್ಲಿ?' ಎಂದು ಕೇಳುವ ಜಮಾಅತ್‌ಗಳು ಬೇಕು. ಅಷ್ಟನ್ನೂ ಮಾಡದೆ ಸಿನಿಮಾವನ್ನು ದೂಷಿಸುವ ಹಕ್ಕು ನಮಗಿದೆಯೇ?