‘ಅಲ್ಲಿಗ್ಯಾಕೆ ಹೋಗಿದ್ದೆ?’ ಅಂತ ಕೇಳೋದು ಬಿಡೋಣ

ಕಿರುಗಾವಲು ಹೋಬಳಿಯ ತಂದೆತಾಯಂದಿರು, ಅಣ್ಣತಮ್ಮಂದಿರು ಹಾಗೂ ಅಧ್ಯಾಪಕರಲ್ಲಿ ಒಂದು ಮನವಿ



ಬೆಳಗಾದರೆ ನಮ್ಮೂರಲ್ಲಿ ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಕಾಯುವ ಮಕ್ಕಳನ್ನು ನೋಡುತ್ತೇವೆ. ಮಳವಳ್ಳಿಗೆ ಕೆಲವರು, ಬನ್ನೂರಿಗೆ ಕೆಲವರು, ಮಂಡ್ಯ–ಮೈಸೂರಿಗೆ ಇನ್ನು ಕೆಲವರು. ಗದ್ದೆ ಗೇಯ್ದು, ಡೇರಿಗೆ ಹಾಲು ಹಾಕಿ, ಸಂಘದಲ್ಲಿ ಸಾಲ ಎತ್ತಿ ಓದಿಸುತ್ತಿದ್ದೇವೆ. ಅವರಲ್ಲೊಬ್ಬಳು ಒಂದು ದಿನ ಇದ್ದಕ್ಕಿದ್ದಂತೆ, ‘ನಾಳೆಯಿಂದ ಕಾಲೇಜಿಗೆ ಹೋಗಲ್ಲ ಕಣವ್ವ’ ಅಂದರೆ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? ಅವಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ನಾವಾಡುವ ಆ ಒಂದು ಮಾತಿನ ಬಗ್ಗೆ ಈ ಕರಪತ್ರ.

ಮೈಸೂರನ್ನು ನೆನೆಯಿರಿ

2021ರ ಆಗಸ್ಟ್ 24ರ ಸಂಜೆ, ಚಾಮುಂಡಿ ಬೆಟ್ಟದ ತಪ್ಪಲಿನ ಲಲಿತಾದ್ರಿಪುರದ ಬಳಿ, ಒಬ್ಬ ಕಾಲೇಜು ವಿದ್ಯಾರ್ಥಿನಿಯ ಮೇಲೆ ಗುಂಪು ಅತ್ಯಾಚಾರ ನಡೆಯಿತು. ಜೊತೆಗಿದ್ದ ಗೆಳೆಯನನ್ನು ಬಡಿದರು. ಆಘಾತದಿಂದ ಆಕೆ ಕೂಡಲೇ ಹೇಳಿಕೆ ಕೊಡುವ ಸ್ಥಿತಿಯಲ್ಲಿರಲಿಲ್ಲ. ಆದರೂ ಪೊಲೀಸರು ನಾಲ್ಕೇ ದಿನದಲ್ಲಿ ಐವರನ್ನು ಹಿಡಿದು ತಂದರು.

ಅಷ್ಟರೊಳಗೆ ನಾಡು ಏನು ಮಾತಾಡಿತು? ಅಂದಿನ ಗೃಹ ಸಚಿವರು, ಆ ಹೊತ್ತಿನಲ್ಲಿ ಅವರು ಅಲ್ಲಿಗೆ ಹೋಗಬಾರದಿತ್ತು ಎಂದರು. ಟೀಕೆ ಬಂದ ಮೇಲೆ ಮಾತು ವಾಪಸ್ ಪಡೆದರು. ಮೈಸೂರು ವಿಶ್ವವಿದ್ಯಾನಿಲಯ ಸಂಜೆ 6.30ರ ನಂತರ ವಿದ್ಯಾರ್ಥಿನಿಯರ ಓಡಾಟಕ್ಕೆ ಕಡಿವಾಣ ಹಾಕುವ ಸುತ್ತೋಲೆ ಹೊರಡಿಸಿ, ವಿರೋಧ ಎದ್ದಾಗ ಹಿಂದೆ ಸರಿಯಿತು. ತಪ್ಪು ಮಾಡಿದವರು ಯಾರೋ, ಗಂಟೆ ನೋಡಬೇಕಾದವಳು ಹುಡುಗಿ!

ನಮ್ಮ ಮನೆಗಳಲ್ಲೂ ಇದೇ ಸುತ್ತೋಲೆ ಹೊರಡುತ್ತದೆ, ಕಾಗದವಿಲ್ಲದೆ. ‘ಕಾಲೇಜು ಬಿಡಿಸಿ, ಗಂಡು ನೋಡಿ.’ ಅದಕ್ಕೇ ಮಕ್ಕಳು ಬಾಯಿ ಬಿಡುವುದಿಲ್ಲ. ಹೇಳಿದರೆ ಓದು ಹೋಗುತ್ತದೆ ಎಂಬುದು ಅವರಿಗೆ ಗೊತ್ತು.

ಮನಸ್ಸಿಗೆ ಆಗುವುದೇನು?

‘ಕೂಗಬಾರದಿತ್ತಾ?’ ಎನ್ನುತ್ತೇವೆ. ಭಯ ಮಿತಿ ಮೀರಿದಾಗ ಕೈಕಾಲು ಮರಗಟ್ಟುತ್ತವೆ, ಗಂಟಲು ಕಟ್ಟುತ್ತದೆ. ಅದು ಒಪ್ಪಿಗೆ ಅಲ್ಲ.

‘ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಸುಳ್ಳಿರಬೇಕು’ ಎನ್ನುತ್ತೇವೆ. ಅಮೆರಿಕದ ಬಾಸ್ಟನ್ನಿನ ಆಸ್ಪತ್ರೆಯೊಂದಕ್ಕೆ ಬಂದ 92 ಸಂತ್ರಸ್ತ ಮಹಿಳೆಯರನ್ನು ಮಾತಾಡಿಸಿ ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಮ್ 1974ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅತ್ತವರು ಎಷ್ಟಿದ್ದರೋ, ಕಲ್ಲಿನಂತೆ ಸುಮ್ಮನೆ ಕೂತವರೂ ಹೆಚ್ಚುಕಮ್ಮಿ ಅಷ್ಟೇ ಇದ್ದರು.

ಆಮೇಲೆ ಕಾಣುವುದು ಇದು: ನಿದ್ದೆ ಬಾರದು, ಬಂದರೆ ಕೆಟ್ಟ ಕನಸು. ಬಾಗಿಲು ಸದ್ದಾದರೆ ಬೆಚ್ಚುತ್ತಾಳೆ. ಪುಸ್ತಕ ಹಿಡಿದರೆ ಅಕ್ಷರ ತಲೆಗೆ ಹತ್ತದು. ಹಾಜರಿ ಕಡಿಮೆಯಾಗುತ್ತದೆ, ಅಂಕ ಇಳಿಯುತ್ತದೆ. ‘ನನ್ನದೇ ತಪ್ಪು’ ಎಂದು ತನ್ನನ್ನೇ ಸುಡುತ್ತಾಳೆ. ನಾವು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತೇವೆ; ಇಲ್ಲವೇ ಸೋಮಾರಿ ಎಂದು ಬೈಯುತ್ತೇವೆ. ಹುಡುಗರ ಮೇಲೂ ದೌರ್ಜನ್ಯ ನಡೆಯುತ್ತದೆ. ಅವರಂತೂ ಯಾರ ಮುಂದೂ ಹೇಳರು.

ಈ ಗಾಯಕ್ಕೆ ಚಿಕಿತ್ಸೆ ಇದೆ. ವಾಸಿಯಾಗಿ ಓದು ಮುಗಿಸಿದವರಿದ್ದಾರೆ. ಮೊದಲ ಮದ್ದು, ಮನೆಯವರು ನಂಬುವುದು.

ಮನೆಯವರು ಮಾಡಬೇಕಾದ್ದು

• ‘ಹೇಳಿದ್ದು ಒಳ್ಳೇದಾಯ್ತು ಮಗ, ನಾನಿದೀನಿ’ ಅನ್ನಿ. ಮತ್ತೆ ಮತ್ತೆ ಕೆದಕಿ ಕೇಳಬೇಡಿ.
• ಮೊದಲು ಆಸ್ಪತ್ರೆ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಗರ್ಭ ತಡೆಯುವ ಮಾತ್ರೆಯೂ ಬೇಗ ತೆಗೆದುಕೊಂಡಷ್ಟು ಒಳ್ಳೆಯದು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಗುಪ್ತಾಂಗದೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಮಾಡಕೂಡದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಖಡಾಖಂಡಿತವಾಗಿ ಹೇಳಿದೆ.
• ಘಟನೆ ಮೈಸೂರಿನಲ್ಲಿ ನಡೆದಿದ್ದರೂ ಕಿರುಗಾವಲು ಠಾಣೆಯಲ್ಲೇ ದೂರು ಕೊಡಬಹುದು. ‘ನಮ್ಮ ಗಡಿ ಅಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ. 18 ತುಂಬದ ಪಿಯುಸಿ ಮಕ್ಕಳಿಗೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ರಕ್ಷಣೆ ಇದೆ.
• ಸಂತ್ರಸ್ತೆಯ ಹೆಸರು, ಫೋಟೋ ವಾಟ್ಸಾಪ್‌ನಲ್ಲಿ ಹಾಕಬೇಡಿ. ಎರಡು ವರ್ಷದವರೆಗೆ ಜೈಲಾಗುವ ಅಪರಾಧ ಅದು.
• ‘ಬದುಕೋದೇ ಬೇಡ’ ಎಂಬ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ. ಆಗಲೇ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಕಾಲೇಜುಗಳನ್ನು ಕೇಳೋಣ

ಯುಜಿಸಿಯ 2015ರ ನಿಯಮದ ಪ್ರಕಾರ ಪದವಿ ಕಾಲೇಜಿನಲ್ಲಿ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ದೂರು ಸಮಿತಿ ಇರಬೇಕು. ವಿದ್ಯಾರ್ಥಿಗಳ ದೂರಾದರೆ ವಿದ್ಯಾರ್ಥಿ ಪ್ರತಿನಿಧಿಗಳೂ ಅದರಲ್ಲಿರಬೇಕು. 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಮುಂದಿನ ಪೋಷಕರ ಸಭೆಯಲ್ಲಿ ಎದ್ದು ನಿಂತು ಮೂರೇ ಪ್ರಶ್ನೆ ಕೇಳಿ: ಸಮಿತಿ ಎಲ್ಲಿದೆ? ಸದಸ್ಯರ ಹೆಸರಿನ ಬೋರ್ಡು ಎಲ್ಲಿದೆ? ಆಘಾತದಿಂದ ಹಾಜರಿ ತಪ್ಪಿದ ಮಗುವಿಗೆ ಪರೀಕ್ಷೆ ಬರೆಯಲು ಏನು ದಾರಿ ಮಾಡಿದ್ದೀರಿ?

ಗ್ರಾಮಸಭೆಯಲ್ಲೂ ಬಾಯಿ ತೆಗೆಯೋಣ. ಬಸ್ ನಿಲ್ಲುವ ಕಡೆ ದೀಪ, ಸಂಜೆ ಹೊತ್ತಿಗೆ ಸರಿಯಾದ ಬಸ್ಸು: ಇವನ್ನು ಚರಂಡಿ, ರಸ್ತೆಯಷ್ಟೇ ಗಟ್ಟಿಯಾಗಿ ಕೇಳೋಣ.

ಊರ ಹೆಸರಲ್ಲೇ ಕಾವಲು ಇಟ್ಟುಕೊಂಡವರು ನಾವು. ಬಾಗಿಲಿಗೆ ಬೀಗ ಜಡಿದು ಮಗಳನ್ನು ಎಷ್ಟು ದಿನ ಕಾಯೋಣ? ನಾಳೆ ಬೆಳಿಗ್ಗೆ ಅವಳು ಮತ್ತೆ ಬಸ್ಸು ಹತ್ತುವಾಗ ಜೊತೆಗೆ ನಿಲ್ಲೋಣ.

ಈ ನಂಬರ್ ಬರೆದಿಟ್ಟುಕೊಳ್ಳಿ
ತುರ್ತು ಪೊಲೀಸ್: 112
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098
ಟೆಲಿ ಮನಸ್ (ಮನಸ್ಸಿನ ತೊಂದರೆಗೆ, ಕನ್ನಡದಲ್ಲೇ ಮಾತಾಡಬಹುದು, ಉಚಿತ): 14416
ಉಚಿತ ಕಾನೂನು ನೆರವು: 15100
ಆಪ್ತ ಸಮಾಲೋಚನೆ, ವೈದ್ಯರು, ವಕೀಲರ ನೆರವು ಒಂದೇ ಕಡೆ: ಮಂಡ್ಯದ ಸಖಿ ಕೇಂದ್ರ

ಓದಿ ಬಿಸಾಡಬೇಡಿ. ಓದಲು ಬಾರದವರಿಗೆ ಓದಿ ಹೇಳಿ. ಅಡುಗೆಮನೆಯ ಕ್ಯಾಲೆಂಡರಿಗೆ ಸಿಕ್ಕಿಸಿ; ಮಗಳ ಕಣ್ಣಿಗೆ ಬೀಳಲಿ, ಈ ಮನೆಯಲ್ಲಿ ಹೇಳಿಕೊಳ್ಳಬಹುದು ಅಂತ ಅವಳಿಗೆ ಗೊತ್ತಾಗಲಿ.

— ಕಿರುಗಾವಲು ಹೋಬಳಿಯ ವಿದ್ಯಾರ್ಥಿಗಳು ಮತ್ತು ಪೋಷಕರು